ಫ್ರೆಂಚ್ ಬಾರದೆ ಲ್ಯೂರ್ಸ್‌ಗೆ ಹೋಗಬಹುದೇ?

ಪ್ರಶ್ನೆ: ಮೇಡಂ, ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತೇನೆ. ಬಿಡುವಿನಲ್ಲಿ ಕನ್ನಡದ ಹೊಸ ಅಕ್ಷರಶೈಲಿಯೊಂದನ್ನು ಬಿಡಿಸುತ್ತಿದ್ದೇನೆ. ಫ್ರಾನ್ಸಿನ ಲ್ಯೂರ್ಸ್ ಎಂಬ ಹಳ್ಳಿಯಲ್ಲಿ ಪ್ರತಿವರ್ಷ ಆಗಸ್ಟ್ ಕೊನೆಗೆ ಅಕ್ಷರ ವಿನ್ಯಾಸಕರ ಸಮಾಗಮ ನಡೆಯುತ್ತದೆಂದು ತಿಳಿದಾಗಿನಿಂದ ಮುಂದಿನ ವರ್ಷ ಹೋಗಬೇಕೆಂಬ ಆಸೆ ಹತ್ತಿದೆ. ಆದರೆ ಅಲ್ಲಿನ ಉಪನ್ಯಾಸಗಳು ಫ್ರೆಂಚಿನಲ್ಲಿ. ನನಗೆ ‘ಬೊಂಜೂರ್’ ಬಿಟ್ಟರೆ ಬೇರೇನೂ ಬಾರದು. ಇಂಗ್ಲಿಷನ್ನು ಓದುತ್ತೇನೆ, ಬರೆಯುತ್ತೇನೆ, ಮಾತನಾಡುವಾಗ ತಡವರಿಸುತ್ತೇನೆ. ಏನೂ ಅರ್ಥವಾಗದ ಸಭೆಯಲ್ಲಿ ವಾರವಿಡೀ ಬಾಯಿ ಮುಚ್ಚಿ ಕುಳಿತು ಬರಲು ಇಷ್ಟು ಹಣ ಸುರಿಯಬೇಕೇ ಎಂದು ಅಪ್ಪ ಕೇಳುತ್ತಾರೆ. ನನ್ನಲ್ಲಿ ಉತ್ತರವಿಲ್ಲ. ಹೋಗಬಹುದೇ? ಹೋಗುವುದಾದರೆ ತಯಾರಿ ಹೇಗೆ?
— ಓದುಗರೊಬ್ಬರು, ಅಂಬಲಪಾಡಿ, ಉಡುಪಿ

ಉತ್ತರ: ಹೋಗಿ. ನಿಮ್ಮ ಅಪ್ಪನ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಫ್ರೆಂಚ್ ಬಾರದು ಎಂಬ ಒಂದೇ ಕಾರಣಕ್ಕೆ ಈ ಆಸೆಯನ್ನು ಕೈಬಿಡಬೇಡಿ.

ಭಾಷೆ ಗೊತ್ತಿಲ್ಲದಿದ್ದರೆ ಉಪನ್ಯಾಸದಿಂದ ದಕ್ಕುವುದು ಸೊನ್ನೆ ಎಂಬ ಲೆಕ್ಕ ನಿಮ್ಮ ಅಂಜಿಕೆಯ ಹಿಂದೆ ಇದೆ. ಅದು ತಪ್ಪು ಲೆಕ್ಕ. ಯುರೋಪಿನಲ್ಲಿ ಭಾಷಾಜ್ಞಾನವನ್ನು ಎ1ರಿಂದ ಸಿ2ರವರೆಗೆ ಆರು ಹಂತಗಳಲ್ಲಿ ಅಳೆಯುತ್ತಾರೆ. ದೀರ್ಘ ಉಪನ್ಯಾಸ ಕೇಳಿ ವಾದದ ಎಳೆ ಹಿಡಿಯುವ ಸಾಮರ್ಥ್ಯವನ್ನು ನಾಲ್ಕನೆಯ ಹಂತವಾದ ಬಿ2ರಲ್ಲಿ ನಿರೀಕ್ಷಿಸುತ್ತಾರೆ. ಅಲ್ಲಿಯೂ ಒಂದು ಷರತ್ತಿದೆ: ವಿಷಯ ಕೇಳುಗರಿಗೆ ತಕ್ಕಮಟ್ಟಿಗೆ ಪರಿಚಿತವಾಗಿರಬೇಕು. ಈ ಷರತ್ತನ್ನು ಜನ ಓದಿ ಮರೆಯುತ್ತಾರೆ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಅದರ ಮೇಲೆ. ಕೇಳಿ ಅರ್ಥಮಾಡಿಕೊಳ್ಳುವ ಕೆಲಸದಲ್ಲಿ ಭಾಷೆಯ ಪಾಲು ಎಷ್ಟೋ ವಿಷಯದ ಪಾಲೂ ಅಷ್ಟೇ. ಪ್ರಸಂಗ ಬಲ್ಲವರಿಗೆ ಚೆಂಡೆಯ ಅಬ್ಬರದಲ್ಲಿ ಭಾಗವತರ ಪದ ಅರ್ಧ ಕೇಳಿಸದಿದ್ದರೂ ಆಟ ಎಲ್ಲಿಗೆ ಬಂತೆಂದು ತಿಳಿಯುತ್ತದೆಯಲ್ಲವೇ? ಅಕ್ಷರ ವಿನ್ಯಾಸದ ಸಭೆಯಲ್ಲಿ ನೀವು ಪ್ರಸಂಗ ಬಲ್ಲವರು. ಪರದೆಯ ಮೇಲೆ ಒಂದೇ ಅಕ್ಷರದ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು, ತೆಳುಗೆರೆ ದಪ್ಪಗೆರೆಯನ್ನು ಸೇರುವ ಜಾಗಕ್ಕೆ ಉಪನ್ಯಾಸಕರು ಕೈ ತೋರಿಸಿದರೆ, ಅವರ ಮಾತಿನ ವಿಷಯ ಏನೆಂದು ಫ್ರೆಂಚ್ ಮನೆಮಾತಿನ ವಕೀಲರೊಬ್ಬರಿಗಿಂತ ನಿಮಗೆ ಬೇಗ ಹೊಳೆಯುತ್ತದೆ.

ಹಾಗೆಂದು ಬರಿಗೈಯಲ್ಲಿ ಹೋಗಿ ಎಂದು ಹೇಳುತ್ತಿಲ್ಲ. ನಿಮಗಿರುವ ಸಮಯದಲ್ಲಿ ಫ್ರೆಂಚ್ ಭಾಷೆಯನ್ನು ಪೂರ್ತಿ ಕಲಿಯಲು ಹೊರಟರೆ ಅರ್ಧದಾರಿಯಲ್ಲಿ ಸೋಲುತ್ತೀರಿ. ನಿಮ್ಮ ಕಸುಬನ್ನು ಫ್ರೆಂಚಿನಲ್ಲಿ ಕಲಿಯಿರಿ. ಜೊತೆಗೆ, ಮಾತಿನ ಆಸರೆಯಿಲ್ಲದೆ ತೋರಿಸಬಹುದಾದ ಕೆಲಸವೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಉಳಿದದ್ದೆಲ್ಲ ಈ ಎರಡರ ವಿವರ.

ಹೋಗುವ ಜಾಗವನ್ನು ಮೊದಲು ಅರಿಯಿರಿ. ಲ್ಯೂರ್ಸ್ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಪುಟ್ಟ ಹಳ್ಳಿ. ಅಲ್ಲಿನ ಸಮಾಗಮವನ್ನು 1952ರಲ್ಲಿ ಫ್ರೆಂಚ್ ಅಕ್ಷರತಜ್ಞ ಮಾಕ್ಸಿಮಿಲಿಯಾಂ ವೋಕ್ಸ್ ಮತ್ತು ಅವರ ಗೆಳೆಯರು ಆರಂಭಿಸಿದರು. ಹತ್ತಿರದ ಲ್ಯೂರ್ ಪರ್ವತದ ಹೆಸರೇ ಅದಕ್ಕೆ ಬಂದಿದೆ. ವೋಕ್ಸ್ 1954ರಲ್ಲಿ ಲ್ಯಾಟಿನ್ ಅಚ್ಚಕ್ಷರಗಳನ್ನು ರೂಪ ಮತ್ತು ಚರಿತ್ರೆಯ ಆಧಾರದಲ್ಲಿ ಒಂಬತ್ತು ಗುಂಪುಗಳಾಗಿ ವಿಂಗಡಿಸಿದರು. ಹಳೆಯ ಕಾಲದ ಅಚ್ಚಕ್ಷರ ಕಸುಬಿನವರ ಹೆಸರುಗಳಿಂದ, ಗಾರಾಮೋಂ ಮತ್ತು ಆಲ್ಡಸ್ ಇಬ್ಬರ ಹೆಸರನ್ನು ಬೆಸೆದು ಒಂದು ಗುಂಪಿಗೆ ‘ಗಾರಾಲ್ದ್’ ಎಂದೂ, ದಿದೊ ಮತ್ತು ಬೊಡೋನಿ ಇಬ್ಬರನ್ನು ಬೆಸೆದು ಇನ್ನೊಂದಕ್ಕೆ ‘ದಿದೋನ್’ ಎಂದೂ ಹೆಸರಿಟ್ಟವರು ಅವರೇ. ಅಕ್ಷರ ವಿನ್ಯಾಸಕರ ಅಂತರರಾಷ್ಟ್ರೀಯ ಸಂಘವಾದ ಎಟೈಪಿಐ 1962ರಲ್ಲಿ ಈ ವಿಂಗಡಣೆಯನ್ನು ಒಪ್ಪಿಕೊಂಡಿತು. ಮುಂದೆ ದಶಕಗಳ ಕಾಲ ವಿನ್ಯಾಸ ಶಾಲೆಗಳಲ್ಲಿ ಅದೇ ಪಾಠವಾಯಿತು.

ಆ ವಿಂಗಡಣೆಯಲ್ಲಿ ಕನ್ನಡದ ಜಾಗ ಎಲ್ಲಿತ್ತು ಗೊತ್ತೇ? ಲ್ಯಾಟಿನ್ ಅಕ್ಷರಗಳಿಗೆ ಇಷ್ಟೊಂದು ನಯವಾದ ವಿಭಾಗಗಳಿದ್ದರೆ, ಕನ್ನಡ, ಅರಬಿ, ಗ್ರೀಕ್, ಚೀನೀ ಮುಂತಾದ ಉಳಿದ ಲಿಪಿಗಳನ್ನೆಲ್ಲ ‘ಲ್ಯಾಟಿನೇತರ’ ಎಂಬ ಒಂದೇ ಪೆಟ್ಟಿಗೆಗೆ ತುಂಬಿದ್ದರು. 2021ರಲ್ಲಿ ಸಂಘ ಆ ಪದ್ಧತಿಯನ್ನು ಅಧಿಕೃತವಾಗಿ ಕೈಬಿಟ್ಟು, ಜಗತ್ತಿನ ಬೇರೆ ಬೇರೆ ಲಿಪಿಗಳನ್ನು ಒಳಗೊಳ್ಳುವ ಹೊಸ ಪದ್ಧತಿಯ ಕಡೆ ಹೊರಟಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ವಿಂಗಡಣೆಯ ಊರಿಗೇ ನೀವು ಹೋಗುತ್ತಿದ್ದೀರಿ. ಆ ಪೆಟ್ಟಿಗೆಯಲ್ಲಿದ್ದ ಒಂದು ಲಿಪಿಯನ್ನು ದಿನವೂ ಕೈಯಾರೆ ಬಿಡಿಸುವವರು ನೀವು. ಭಾಷೆ ಬಾರದ ವಿದ್ಯಾರ್ಥಿನಿಯೆಂದು ಬಾಗಿಲ ಬಳಿ ಮುದುಡಿ ಕೂರುವ ಅಗತ್ಯ ನಿಮಗಿಲ್ಲ.

ಈಗ ಭಾಷೆಯ ಕೆಲಸ. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಭಾಷೆಗಳನ್ನು ಕಲಿಸುತ್ತಾರೆ. ಹೊರಗಿನವರಿಗೆ ಪ್ರವೇಶವಿದೆಯೇ ಎಂದು ವಿಚಾರಿಸಿ, ಇಲ್ಲವಾದರೆ ಆನ್‌ಲೈನಿನಲ್ಲಿ ಎ1 ಹಂತದ ಒಂದು ಕೋರ್ಸ್ ಮುಗಿಸಿ. ಊಟ, ಕೋಣೆ, ರೈಲು, ದಾರಿ ಕೇಳುವುದು ಇವಿಷ್ಟಕ್ಕೆ ಅದು ಸಾಕು. ಸಭಾಂಗಣಕ್ಕೆ ಬೇಕಾದದ್ದು ಬೇರೆ, ಅದನ್ನು ನೀವೇ ಮಾಡಿಕೊಳ್ಳಬೇಕು.

ಮನೆಯ ಕಂಪ್ಯೂಟರಿನಲ್ಲಿರುವ ವಿನ್ಯಾಸ ತಂತ್ರಾಂಶದ ಭಾಷೆಯನ್ನು ಫ್ರೆಂಚಿಗೆ ಬದಲಾಯಿಸಿ. ಇಂಕ್‌ಸ್ಕೇಪ್‌ನಲ್ಲಿ ಆದ್ಯತೆಗಳ ಪುಟದಲ್ಲೇ ಈ ಸೌಲಭ್ಯ ಇದೆ. ಇನ್‌ಡಿಸೈನ್ ಆದರೆ ಭಾಷೆ ಆರಿಸಿ ಮತ್ತೊಮ್ಮೆ ಅಳವಡಿಸಬೇಕಾಗುತ್ತದೆ. ಕಚೇರಿಯ ಕಂಪ್ಯೂಟರಿಗೆ ಕೈ ಹಾಕಬೇಡಿ. ಯಾವ ಗುಂಡಿ ಎಲ್ಲಿದೆ ಎಂದು ನಿಮ್ಮ ಕೈಗೆ ಆಗಲೇ ಗೊತ್ತಿರುವುದರಿಂದ ಪದಗಳು ತಾವಾಗಿ ಅಂಟಿಕೊಳ್ಳುತ್ತವೆ. ‘ಗ್ರೆಸ್’ ಎಂದರೆ ಅಕ್ಷರದ ದಪ್ಪ. ‘ಆಂಪಾತ್ಮಾಂ’ ಎಂದರೆ ಸೆರಿಫ್, ಲ್ಯಾಟಿನ್ ಅಕ್ಷರದ ಗೆರೆಗಳ ತುದಿಯಲ್ಲಿರುವ ಪುಟ್ಟ ಚಾಚು. ‘ಶಾಸ್’ ಅಕ್ಷರದ ಅಗಲ, ‘ಅಪ್ರೋಶ್’ ಅದರ ಅಕ್ಕಪಕ್ಕದ ತೆರಪು, ‘ಕೋರ್’ ಅಕ್ಷರದ ಅಳತೆ, ‘ಬಾ ದ ಕಾಸ್’ ಲ್ಯಾಟಿನ್ನಿನ ಸಣ್ಣಕ್ಷರ. ಈ ಪಟ್ಟಿಯನ್ನು ಸುಮಾರು ಇನ್ನೂರು ಪದಗಳವರೆಗೆ ಬೆಳೆಸಿದರೆ ಉಪನ್ಯಾಸದ ಬೆನ್ನೆಲುಬು ನಿಮ್ಮ ಕೈಯಲ್ಲಿರುತ್ತದೆ. ಮೊಬೈಲಿನ ಅನುವಾದಕವನ್ನು ನಂಬಿ ಈ ಪಟ್ಟಿಯನ್ನು ಬಿಡಬೇಡಿ. ಅದಕ್ಕೆ ದಿನಬಳಕೆಯ ಅರ್ಥವೇ ಮೊದಲು ಕಾಣುತ್ತದೆ. ಗ್ರೆಸ್ ಕೊಬ್ಬಾಗುತ್ತದೆ, ಶಾಸ್ ಬೇಟೆಯಾಗುತ್ತದೆ, ಕೋರ್ ದೇಹವಾಗುತ್ತದೆ. ಪರದೆಯ ಮೇಲೆ ಒಳ್ಳೆಯ ಅಕ್ಷರವೊಂದು ನಿಂತಿರುವಾಗ ನೀವು ಮೊಬೈಲಿನಲ್ಲಿ ಕೊಬ್ಬು, ಬೇಟೆ ಎಂದು ಓದುತ್ತಾ ಕೂರುವಂತಾಗಬಾರದು.

ಪದಗಳಿಗಿಂತ ಹೆಚ್ಚು ಕೈಕೊಡುವುದು ಹೆಸರುಗಳು. ನಾವು ದಿನವೂ ಫಾಂಟ್ ಪಟ್ಟಿಯಲ್ಲಿ ನೋಡಿ ‘ಗ್ಯಾರಮಂಡ್’ ಎನ್ನುವುದು ಅವರ ಬಾಯಲ್ಲಿ ‘ಗಾರಾಮೋಂ’. ‘ಡೈಡಾಟ್’ ಎಂದು ಓದಿಕೊಂಡದ್ದು ‘ದಿದೊ’. ‘ಯೂನಿವರ್ಸ್’ ಎಂಬುದು ‘ಯುನಿವೆರ್’. ಕಣ್ಣಿಗೆ ಚಿರಪರಿಚಿತವಾದ ಹೆಸರನ್ನು ಕಿವಿ ಗುರುತಿಸದೆ ಹೋದರೆ, ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಉಪನ್ಯಾಸವೂ ಕೈತಪ್ಪುತ್ತದೆ. ಹಾಗಾಗಿ ಫ್ರೆಂಚ್ ಅಕ್ಷರ ಚರಿತ್ರೆಯ ಮುಖ್ಯ ಹೆಸರುಗಳನ್ನು ಉಚ್ಚಾರ ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳಿ. ಪ್ಯಾರಿಸ್ಸಿನ ದೆಬೆರ್ನಿ ಎ ಪೆಞೊ ಅಚ್ಚುಮೊಳೆ ಕಾರ್ಖಾನೆ, ಅಲ್ಲಿಂದ 1957ರಲ್ಲಿ ಯುನಿವೆರ್ ಹೊರತಂದ ಆದ್ರಿಯಾಂ ಫ್ರುತಿಗೆರ್, ಮಾರ್ಸೇ ನಗರದ ಓಲಿವ್ ಕಾರ್ಖಾನೆಗಾಗಿ 1953ರಲ್ಲಿ ಮಿಸ್ತ್ರಾಲ್ ಬಿಡಿಸಿದ ರೊಜೆ ಎಕ್ಸ್‌ಕೊಫೋಂ. ನಮ್ಮ ಊರಿನ ಅಂಗಡಿ ಫಲಕಗಳಲ್ಲೂ ಮದುವೆ ಆಮಂತ್ರಣಗಳ ಇಂಗ್ಲಿಷ್ ಭಾಗದಲ್ಲೂ ಕಾಣುವ ಆ ಕೈಬರಹದಂಥ ಮಿಸ್ತ್ರಾಲ್ ಹುಟ್ಟಿದ್ದು ನೀವು ಲ್ಯೂರ್ಸ್‌ಗೆ ಹೋಗುವ ದಾರಿಯಲ್ಲಿ.

ಸಂಖ್ಯೆಗಳಿಗೂ ಇದೇ ಮಾತು. ಅಚ್ಚಕ್ಷರದ ಉಪನ್ಯಾಸವೆಂದರೆ ಇಸವಿಗಳ ಸಾಲು. ಫ್ರೆಂಚಿನಲ್ಲಿ 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು-ಇಪ್ಪತ್ತು. 1798 ಎಂದಾಗ ನಿಮ್ಮ ಕಿವಿಗೆ ಬೀಳುವುದು ಸಾವಿರದ ಏಳುನೂರು ನಾಲ್ಕು-ಇಪ್ಪತ್ತು-ಹದಿನೆಂಟು. ಲೆಕ್ಕ ಕೂಡಿಸುವಷ್ಟರಲ್ಲಿ ಮುಂದಿನ ಇಸವಿ ಬಂದಿರುತ್ತದೆ. ಅನುಭವಸ್ಥ ದುಭಾಷಿಗಳೂ ಹೆಚ್ಚು ಎಡವುವುದು ಹೆಸರು ಮತ್ತು ಸಂಖ್ಯೆಗಳಲ್ಲಿಯೇ. ಉಡುಪಿಯಿಂದ ಮಣಿಪಾಲಕ್ಕೆ ಸಿಟಿ ಬಸ್ಸಿನಲ್ಲಿ ಹೋಗುವ ಹೊತ್ತು ಇದಕ್ಕೆ ಹೇಳಿ ಮಾಡಿಸಿದ್ದು. ಫ್ರೆಂಚ್ ವಿನ್ಯಾಸ ಉಪನ್ಯಾಸವೊಂದನ್ನು ಕಿವಿಗೆ ಹಾಕಿಕೊಳ್ಳಿ. ಅರ್ಥಕ್ಕಾಗಿ ಹೆಣಗಬೇಡಿ. ಹೆಸರು, ಇಸವಿ, ನಿಮ್ಮ ಪಟ್ಟಿಯ ಪದ, ಈ ಮೂರನ್ನು ಮಾತ್ರ ಹೆಕ್ಕಿ. ಮೊದಲ ವಾರ ಏನೂ ಸಿಗುವುದಿಲ್ಲ. ಬಿಡಬೇಡಿ.

ಕಾರ್ಯಕ್ರಮ ಪಟ್ಟಿ ಪ್ರಕಟವಾದ ದಿನದಿಂದ ತಯಾರಿಯ ದಿಕ್ಕು ಬದಲಾಗಬೇಕು. ಆಗ ವ್ಯಾಕರಣ ಪಕ್ಕಕ್ಕಿಡಿ. ಪ್ರತಿಯೊಬ್ಬ ಉಪನ್ಯಾಸಕರ ಕೆಲಸವನ್ನು ಹುಡುಕಿ ನೋಡಿ. ಅವರು ಬಿಡಿಸಿದ ಅಕ್ಷರ, ವಿನ್ಯಾಸ ಮಾಡಿದ ಪುಸ್ತಕ, ಇಂಗ್ಲಿಷಿನಲ್ಲಿ ಕೊಟ್ಟ ಸಂದರ್ಶನ, ಯಾವುದಾದರೂ ಸಿಗುತ್ತದೆ. ಒಬ್ಬರಿಗೆ ಒಂದು ಪುಟದಂತೆ ಕನ್ನಡದಲ್ಲಿ ಬರೆದಿಡಿ. ಇವರು ಏನು ಮಾಡಿದ್ದಾರೆ, ಏನು ಹೇಳಬಹುದು, ನಾನು ಕೇಳಬೇಕಾದ ಒಂದು ಪ್ರಶ್ನೆ ಯಾವುದು. ಭಾಷಾಂತರದ ಏರ್ಪಾಡು ಇದೆಯೇ, ಉಪನ್ಯಾಸದ ಸ್ಲೈಡುಗಳನ್ನು ಮೊದಲೇ ನೋಡಲು ಸಾಧ್ಯವೇ ಎಂದು ಸಂಘಟಕರಿಗೆ ವಿನಯದಿಂದ ಬರೆಯಿರಿ. ವೃತ್ತಿನಿರತ ದುಭಾಷಿಗಳು ಕೂಡ ಸ್ಲೈಡುಗಳನ್ನು ಮುಂಚಿತವಾಗಿ ಕೇಳುತ್ತಾರೆ. ನೀವು ಕೇಳುವುದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ನನ್ನ ಇಷ್ಟು ವರ್ಷದ ಪಾಠದಲ್ಲಿ ಪರಭಾಷೆಯ ಸಭೆಗಳಿಗೆ ಹೋಗಿಬಂದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ತುಂಬಿಕೊಂಡು ಬಂದವರು ಭಾಷೆ ಹೆಚ್ಚು ಬಲ್ಲವರೇನೂ ಆಗಿರಲಿಲ್ಲ. ಯಾರು ಯಾವುದರ ಬಗ್ಗೆ ಮಾತಾಡಲಿದ್ದಾರೆಂದು ಮೊದಲೇ ತಿಳಿದು ಹೋದವರಾಗಿದ್ದರು.

ಸಭಾಂಗಣದಲ್ಲಿ ಉಪನ್ಯಾಸಕರ ಮುಖ ಮತ್ತು ಪರದೆ ಎರಡೂ ಕಾಣುವಂತೆ ಮುಂದಿನ ಸಾಲುಗಳಲ್ಲಿ ಕೂರಿ. ತುಟಿಯ ಚಲನೆ ಕಂಡರೆ ಕಿವಿಗೆ ಅರ್ಧ ಕೆಲಸ ಹಗುರ. ಟಿಪ್ಪಣಿ ಪುಸ್ತಕದ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಪರದೆಯಲ್ಲಿ ಕಂಡದ್ದನ್ನು ಚಿತ್ರವಾಗಿ ಬಿಡಿಸಿ, ಬಲಕ್ಕೆ ಮತ್ತೆ ಮತ್ತೆ ಕೇಳಿಬಂದ ಪದವನ್ನು ಕನ್ನಡ ಲಿಪಿಯಲ್ಲಿ ಕೇಳಿಸಿದಂತೆ ಬರೆಯಿರಿ. ಫ್ರೆಂಚ್ ಕಾಗುಣಿತದ ಗೊಡವೆಗೆ ಹೋಗಬೇಡಿ. ಉಚ್ಚರಿಸದ ಅಕ್ಷರಗಳೇ ಅದರಲ್ಲಿ ತುಂಬಿಕೊಂಡಿವೆ, ಕಲಿಯುವವರು ಅಲ್ಲೇ ಮುಗ್ಗರಿಸುತ್ತಾರೆ. ನಮ್ಮ ಲಿಪಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಬರೆದಿಡಬಹುದು, ಅವರ ಮೂಗಿನ ಸ್ವರಗಳಿಗೆ ಅನುಸ್ವಾರ ಒದಗುತ್ತದೆ. ಉದಾಹರಣೆಗೆ ಒಬ್ಬರು ಕೈಬರಹದ ಬಗ್ಗೆ ಮಾತನಾಡುತ್ತಾ ಲೇಖನಿ ಹಿಡಿದ ಕೈಯನ್ನು ಗಾಳಿಯಲ್ಲಿ ತಿರುಗಿಸುತ್ತಾ ‘ದ್ಯುಕ್ತ್ಯುಸ್’ ಎಂದು ಹತ್ತಾರು ಬಾರಿ ಹೇಳಿದರೆನ್ನಿ. ಬಲಗಡೆ ಅದನ್ನು ಬರೆದು ಸುತ್ತು ಹಾಕಿ, ಎಡಗಡೆ ಅವರ ಕೈಯ ಚಲನೆಯನ್ನು ಬಾಣದ ಗುರುತಿನಿಂದ ಬಿಡಿಸಿ. ಸಂಜೆ ಯಾರಿಗಾದರೂ ಓದಿ ಹೇಳಿದರೆ ಅವರು ಅರ್ಥ ಬಿಡಿಸಿ ಹೇಳುತ್ತಾರೆ: ಅಕ್ಷರವೊಂದನ್ನು ಬರೆಯುವಾಗ ಯಾವ ಗೆರೆ ಮೊದಲು, ಯಾವ ಗೆರೆ ಆಮೇಲೆ, ಯಾವ ದಿಕ್ಕಿನಲ್ಲಿ ಎಂಬ ಕ್ರಮ. ಒಂದನೆಯ ತರಗತಿಯಲ್ಲಿ ಸ್ಲೇಟಿನ ಮೇಲೆ ‘ಅ’ ತಿದ್ದಿಸುವಾಗ ಟೀಚರು ಕೈ ಹಿಡಿದು ಕಲಿಸಿದ್ದು ಅದನ್ನೇ. ಆ ಅರ್ಧ ಗಂಟೆಯ ಉಪನ್ಯಾಸ ಆಗ ಒಮ್ಮೆಲೇ ತೆರೆದುಕೊಳ್ಳುತ್ತದೆ, ನಿಮ್ಮ ಎಡಗಡೆಯ ಚಿತ್ರಗಳಿಗೆಲ್ಲ ಅರ್ಥ ಬರುತ್ತದೆ.

ಮೊಬೈಲನ್ನು ಬಳಸುವುದಾದರೆ ಅನುವಾದಕ್ಕೆ ಹಚ್ಚಬೇಡಿ, ಮಾತನ್ನು ಫ್ರೆಂಚ್ ಪಠ್ಯವಾಗಿಯೇ ಬರೆದು ತೋರಿಸುವ ಸೌಲಭ್ಯಕ್ಕೆ ಹಚ್ಚಿ. ಕಿವಿಗೆ ಸಿಗದ ಪದ ಕಣ್ಣಿಗೆ ಬಿದ್ದಾಗ ಇಂಗ್ಲಿಷ್ ಬಲದಿಂದಲೇ ಎಷ್ಟೋ ಗೊತ್ತಾಗುತ್ತದೆ, ಏಕೆಂದರೆ ಎರಡೂ ಭಾಷೆಗಳ ಶಾಸ್ತ್ರೀಯ ಪದಗಳ ಬೇರು ಒಂದೇ. ಫ್ರೆಂಚ್ ಭಾಷೆಯ ಕಡತವನ್ನು ಊರಿನಲ್ಲಿರುವಾಗಲೇ ಇಳಿಸಿಕೊಳ್ಳಿ, ಗುಡ್ಡದ ಮೇಲಿನ ಹಳ್ಳಿಯಲ್ಲಿ ಸಿಗ್ನಲ್ ನೆಚ್ಚಿ ಕೂರುವುದು ಬೇಡ. ಧ್ವನಿಮುದ್ರಣ ಮಾಡುವ ಮುನ್ನ ಉಪನ್ಯಾಸಕರ ಒಪ್ಪಿಗೆ ಕೇಳಲೇಬೇಕು.

ಇಡೀ ದಿನ ಒಂದೇ ಗಮನದಲ್ಲಿ ಕೇಳುತ್ತೇನೆಂಬ ಹಟ ತೊಡಬೇಡಿ. ಏಕಕಾಲಿಕ ಭಾಷಾಂತರ ಮಾಡುವ ದುಭಾಷಿಗಳು ಗಾಜಿನ ಕೋಣೆಯಲ್ಲಿ ಇಬ್ಬರು ಕುಳಿತು 20ರಿಂದ 30 ನಿಮಿಷಕ್ಕೊಮ್ಮೆ ಸರದಿ ಬದಲಾಯಿಸುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಆ ಏಕಾಗ್ರತೆ ನಿಲ್ಲುವುದಿಲ್ಲ. ಎರಡೂ ಭಾಷೆಗಳಲ್ಲಿ ಪಳಗಿದವರ ಪಾಡೇ ಹೀಗಿರುವಾಗ ನಿಮ್ಮ ತಲೆಗೆ ಅಷ್ಟು ಹೊರೆ ಹೊರಿಸುವುದು ಸರಿಯಲ್ಲ. ದಿನಕ್ಕೆ ಎರಡು ಉಪನ್ಯಾಸ ಆರಿಸಿ, ಅವುಗಳಿಗೆ ಪೂರ್ತಿ ಗಮನ ಕೊಡಿ. ಉಳಿದವುಗಳಲ್ಲಿ ಕಣ್ಣು ಮಾತ್ರ ಕೆಲಸ ಮಾಡಲಿ. ಮೂರನೆಯ ದಿನ ತಲೆ ಭಾರವಾಗಿ, ಯಾಕಾದರೂ ಬಂದೆನೋ ಅನ್ನಿಸಬಹುದು. ಪರಭಾಷೆಯ ನಡುವೆ ಇರುವವರಿಗೆಲ್ಲ ಹೀಗೆ ಆಗುತ್ತದೆ. ಅಂದು ಮಧ್ಯಾಹ್ನ ಸಭೆ ಬಿಟ್ಟು ಹಳ್ಳಿ ಸುತ್ತಿ, ಮನೆಗೆ ಫೋನ್ ಮಾಡಿ ತುಳುವಿನಲ್ಲೋ ಕನ್ನಡದಲ್ಲೋ ಹೊಟ್ಟೆ ತುಂಬ ಮಾತನಾಡಿ. ಮರುದಿನ ಕಿವಿ ಮತ್ತೆ ತೆರೆಯುತ್ತದೆ.

ಇನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಾದ ಕೆಲಸದ ಮಾತು. ಇಂಥ ಸಮಾಗಮಗಳಲ್ಲಿ ಹೆಚ್ಚಿನ ಕಲಿಕೆ ಊಟದ ಮೇಜಿನ ಸುತ್ತ, ಕಾಫಿಯ ಹೊತ್ತಿನಲ್ಲಿ ನಡೆಯುತ್ತದೆ. ಅಲ್ಲಿ ಮಾತಿಗೆ ತಡಕಾಡುವ ಬದಲು ಒಂದು ಹಾಳೆಯನ್ನು ಬಿಚ್ಚಿಡಿ. ಎ3 ಅಳತೆ, ಒಳ್ಳೆಯ ಕಾಗದ, ಮಡಿಸಿದರೆ ಚೀಲದಲ್ಲಿ ಹಿಡಿಯಬೇಕು. ಮುದ್ರಣಾಲಯದಲ್ಲೇ ಕೆಲಸ ಮಾಡುವ ನಿಮಗೆ ಇದು ಕಷ್ಟವಲ್ಲ. ಅದರ ಮೇಲೆ ನಿಮ್ಮ ಅಕ್ಷರಶೈಲಿಯಲ್ಲಿ ದೊಡ್ಡದಾಗಿ ಎರಡೇ ಪದ ಇರಲಿ.

ಮೊದಲನೆಯದು ‘ಸ್ತ್ರೀ’. ಮೂರು ವ್ಯಂಜನ, ಒಂದು ಸ್ವರ ಸೇರಿ ಒಂದೇ ಅಕ್ಷರವಾಗಿದೆ. ಸಕಾರದ ತಲೆಯ ಮೇಲೆ ಗುಡಿಸು, ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು, ಬಲಗಡೆ ದೀರ್ಘ. ಪ್ರತಿ ಭಾಗವನ್ನೂ ಬೇರೆ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿ. ಲ್ಯಾಟಿನ್ ಸಣ್ಣಕ್ಷರಗಳಲ್ಲಿ ಕೆಲವೇ ಕೆಲವಕ್ಕೆ ಗೆರೆಯ ಕೆಳಗೆ ಇಳಿಯುವ ಬಾಲ ಇರುತ್ತದೆ, ನಮಗೆ ಗೆರೆಯ ಕೆಳಗೆ ಇನ್ನೊಂದು ಮಹಡಿಯೇ ಇದೆ. ಹೀಗಾಗಿ ಎರಡು ಸಾಲುಗಳ ನಡುವೆ ನಮಗೆ ಹೆಚ್ಚು ಜಾಗ ಬೇಕು, ಅಷ್ಟೇ ಪುಟದಲ್ಲಿ ಕಡಿಮೆ ಸಾಲು ಹಿಡಿಯುತ್ತದೆ, ಒತ್ತನ್ನು ತೀರಾ ಚಿಕ್ಕದು ಮಾಡಿದರೆ ಪತ್ರಿಕೆಯ ಕಾಗದದಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಮೇಜಿನ ಆಚೆ ಕುಳಿತ ಅಕ್ಷರ ವಿನ್ಯಾಸಕರಿಗೆ ಇದೆಲ್ಲ ಆ ಒಂದು ಚಿತ್ರ ನೋಡಿದ ಕೂಡಲೇ ಅರ್ಥವಾಗುತ್ತದೆ. ಅವರ ಬೆರಳು ನೇರವಾಗಿ ಒತ್ತಿನ ಮೇಲೆ ಬರುತ್ತದೆ.

ಎರಡನೆಯದು ‘ಸೂರ್ಯ’. ಉಚ್ಚಾರದಲ್ಲಿ ಯಕಾರಕ್ಕಿಂತ ಮೊದಲು ಬರುವ ರಕಾರ, ಬರಹದಲ್ಲಿ ಅರ್ಕಾವೊತ್ತಾಗಿ ಅದರ ಬಲಕ್ಕೆ ಹೋಗಿ ಕೂರುತ್ತದೆ. ಪದದ ಕೆಳಗೆ ಉಚ್ಚಾರದ ಕ್ರಮವನ್ನು 1, 2, 3 ಎಂದು ಬಾಣಗಳಲ್ಲಿ ತೋರಿಸಿ. ಕಂಪ್ಯೂಟರಿನಲ್ಲಿ ಈ ಸ್ಥಾನಪಲ್ಲಟವನ್ನು ಹೇಗೆ ಮಾಡಿಸುತ್ತೀರಿ ಎಂದು ಅವರೇ ಕೇಳುತ್ತಾರೆ, ಸಂಭಾಷಣೆ ಅಲ್ಲಿಂದ ಬೆಳೆಯುತ್ತದೆ.

ಹಾಳೆಯ ಹಿಂಬದಿಯಲ್ಲಿ ನಮ್ಮ ಕರಾವಳಿಯ ಅಕ್ಷರ ಚರಿತ್ರೆಯನ್ನು ನಾಲ್ಕು ಚಿತ್ರಗಳಲ್ಲಿ ಕೊಡಿ ಎಂಬುದು ನನ್ನ ಒತ್ತಾಯ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಅದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಚ್ಚಿನಲ್ಲಿ ಕೈಬರಹವೇ ನೇರವಾಗಿ ಅಚ್ಚಾಗುವುದರಿಂದ ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯುವ ಪಾಡು ಇರಲಿಲ್ಲ. ಎರಡನೆಯ ಚಿತ್ರ 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕಿಟ್ಟೆಲ್ ನಿಘಂಟಿನ ಒಂದು ಪುಟ. ಕನ್ನಡದ ಮೊಳೆ, ಇಂಗ್ಲಿಷಿನ ಮೊಳೆ ಒಂದೇ ಸಾಲಿನಲ್ಲಿ ಹೊಂದಿಕೊಂಡು ನಿಂತಿರುವ ಆ ಪುಟವನ್ನು ಯಾವ ಅಕ್ಷರಪ್ರೇಮಿಯೂ ಸುಮ್ಮನೆ ದಾಟಿ ಹೋಗಲಾರ. ಮೂರನೆಯದು ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೀಲಿಮಣೆ ವಿನ್ಯಾಸ. ‘ಸೇಡಿಯಾಪು’ ತಂತ್ರಾಂಶದ ಮೂಲಕ ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡವನ್ನು ಉಚ್ಚಾರದಂತೆ ಮೂಡಿಸುವ ತರ್ಕ ಕೊಟ್ಟವರು ಅವರು. ನಾವಿಂದು ಬಳಸುವ ಕೀಲಿಮಣೆ ಅದರ ಮೇಲೆಯೇ ನಿಂತಿದೆ. ನಾಲ್ಕನೆಯದು ಜಗತ್ತಿನ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಗೊತ್ತುಮಾಡುವ ಯೂನಿಕೋಡಿನ 16.0 ಆವೃತ್ತಿಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಸೇರಿದ ತುಳು-ತಿಗಳಾರಿ ಲಿಪಿ. ಕಲ್ಲಚ್ಚಿನಿಂದ ಯೂನಿಕೋಡಿನವರೆಗಿನ ಈ ಕಥೆಯನ್ನು ಹೇಳಲು ನಿಮಗಿಂತ ಹತ್ತಿರದವರು ಯಾರಿದ್ದಾರೆ? ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಮುದ್ರಣಗಳಿವೆ. ಒಂದು ದಿನ ಮಂಗಳೂರಿಗೆ ಹೋಗಿ, ಅನುಮತಿ ಪಡೆದು, ಮೂಲವನ್ನು ಕಣ್ಣಾರೆ ನೋಡಿ ಬನ್ನಿ.

ಹಾಳೆಯ ಪ್ರತಿಗಳನ್ನು ಇಲ್ಲೇ ಅಚ್ಚು ಹಾಕಿಸಿಕೊಂಡು ಹೋಗಿ. ಪೆನ್‌ಡ್ರೈವಿನಲ್ಲಿ ಕೊಂಡೊಯ್ಯುವ ಕಡತದಲ್ಲಿ ಕನ್ನಡ ಅಕ್ಷರಗಳನ್ನೆಲ್ಲ ರೇಖಾಕೃತಿಗಳಾಗಿ ಪರಿವರ್ತಿಸಿಬಿಡಿ. ಇಲ್ಲವಾದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿಯಾಗುತ್ತದೆ. ಹಾಳೆಯ ಅಡಿಯಲ್ಲಿ ನಾಲ್ಕು ಸಾಲು ಫ್ರೆಂಚ್ ವಿವರಣೆ ಇರಲಿ. ಅದನ್ನು ಯಂತ್ರದಿಂದ ಅನುವಾದಿಸಿ ಹಾಗೆಯೇ ಅಚ್ಚಿಗೆ ಕೊಡಬೇಡಿ, ಫ್ರೆಂಚ್ ಕಲಿಸುವ ಯಾರಿಂದಲಾದರೂ ತಿದ್ದಿಸಿ.

ನಿಮ್ಮ ತಡವರಿಸುವ ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಅಲ್ಲಿ ಸಿಗುವ ಬಹುತೇಕರಿಗೂ ಇಂಗ್ಲಿಷ್ ಕಲಿತ ಭಾಷೆಯೇ, ಅವರೂ ನಿಧಾನವಾಗಿ ಮಾತನಾಡುತ್ತಾರೆ. ಆದರೆ ಯಾರನ್ನು ಮಾತನಾಡಿಸುವಾಗಲೂ ಮೊದಲು ‘ಬೊಂಜೂರ್’ ಹೇಳಿ, ಆಮೇಲೆ ಇಂಗ್ಲಿಷಿಗೆ ಬನ್ನಿ. ಅಂಗಡಿಗೆ ಹೊಕ್ಕಾಗಲೂ ಅಷ್ಟೇ. ಅಲ್ಲಿ ಇದನ್ನು ಬಿಟ್ಟರೆ ಒರಟುತನ ಎಂದೇ ತಿಳಿಯುತ್ತಾರೆ. ನಮ್ಮ ನೀನು-ನೀವು ಭೇದ ಅವರಲ್ಲೂ ಇದೆ, ಅವರಾಗಿ ಸಲಿಗೆಗೆ ಇಳಿಯುವವರೆಗೆ ನೀವು ‘ವೂ’ ಎಂದೇ ಹೇಳುತ್ತಿರಿ. ಸಸ್ಯಾಹಾರಿಯಾಗಿದ್ದರೆ ನೋಂದಣಿಯ ಸಮಯದಲ್ಲೇ ಬರೆದು ತಿಳಿಸಿ, ‘ಸಾಂ ವಿಯಾಂದ್ ನಿ ಪ್ವಾಸೋಂ’, ಮಾಂಸವೂ ಬೇಡ ಮೀನೂ ಬೇಡ ಎಂದು ಎರಡನ್ನೂ ಹೆಸರಿಸಿ. ಸಸ್ಯಾಹಾರ ಎಂದಷ್ಟೇ ಹೇಳಿದರೆ ಕೆಲವರು ಮೀನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಪ್ಪನ ಪ್ರಶ್ನೆಗೆ ಬರೋಣ. ಖರ್ಚು ಸಣ್ಣದಲ್ಲ. ವಿಮಾನ, ವಾಸ್ತವ್ಯ, ನೋಂದಣಿ ಸೇರಿದರೆ ನಿಮ್ಮ ಹಲವು ತಿಂಗಳ ದುಡಿಮೆ. ಸಾಲ ಮಾಡಿ ಹೋಗಬೇಡಿ ಎಂದು ನಾನೂ ಹೇಳುತ್ತೇನೆ. ನಿಮ್ಮ ಅಕ್ಷರಶೈಲಿ ಇನ್ನೂ ತೋರಿಸುವ ಹಂತಕ್ಕೆ ಬಂದಿಲ್ಲವಾದರೆ ಒಂದು ವರ್ಷ ಮುಂದೂಡುವುದು ಒಳ್ಳೆಯದು. ಸಮಾಗಮ ಪ್ರತಿವರ್ಷ ನಡೆಯುತ್ತದೆ, ಅರ್ಧ ಬಿಡಿಸಿದ ಅಕ್ಷರಗಳನ್ನು ತೋರಿಸುವ ಆತುರ ಬೇಡ. ಆದರೆ ವರ್ಣಮಾಲೆ ಮತ್ತು ಒತ್ತುಗಳು ಮುಗಿದು, ಒಂದು ಪುಟ ಕನ್ನಡ ಗದ್ಯವನ್ನು ಅದರಲ್ಲಿ ಜೋಡಿಸಿ ಓದಬಹುದು ಎನ್ನುವಂತಾಗಿದ್ದರೆ, ಹೋಗುವ ಕಾಲ ಬಂದಿದೆ. ಅಪ್ಪನಿಗೆ ಆ ಎ3 ಹಾಳೆಯನ್ನು ಮೊದಲು ತೋರಿಸಿ. ಮಗಳು ಕೇಳಲು ಮಾತ್ರವಲ್ಲ, ತೋರಿಸಲೂ ಹೋಗುತ್ತಿದ್ದಾಳೆ ಎಂದು ತಿಳಿದರೆ ಅವರ ಲೆಕ್ಕ ಬದಲಾಗಬಹುದು. ಬದಲಾಗದಿದ್ದರೂ ಬೇಸರಿಸಬೇಡಿ, ಹಣ ಕೂಡಿಡಲು ಶುರುಮಾಡಿ.

ವೀಸಾ ವಿಚಾರ ಚುಟುಕಾಗಿ. ನಿಮಗೆ ಬೇಕಿರುವುದು ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ 15 ದಿನಗಳ ಮೊದಲಿನವರೆಗೆ ಅರ್ಜಿ ಹಾಕಬಹುದು, ಆದರೆ ಬೇಸಿಗೆ ರಜೆಯ ನೂಕುನುಗ್ಗಲಿಗೆ ಮುಂಚೆಯೇ ಹಾಕಿ. 2024ರ ಜೂನ್‌ನಿಂದ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರುವ ಒಂದು ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಲ್ಲಿ ಇಳಿದ ಮೇಲೆ ಮಾರ್ಸೇಯಿಂದ ಮನೋಸ್ಕ್ ಮಾರ್ಗದ ರೈಲು ಹಿಡಿದರೆ ಲಾ ಬ್ರಿಯಾನ್-ಒರೆಜೋಂ ನಿಲ್ದಾಣ ಲ್ಯೂರ್ಸ್‌ಗೆ ಹತ್ತಿರ. ಅಲ್ಲಿಂದ ಗುಡ್ಡ ಹತ್ತಲು ವಾಹನ ಸಿಗುತ್ತದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಆಗಸ್ಟ್ ಕೊನೆಯೆಂದರೆ ನಿಮ್ಮ ಮುದ್ರಣಾಲಯದಲ್ಲಿ ಅಷ್ಟಮಿ-ಚೌತಿಯ ಕರಪತ್ರ, ಆಮಂತ್ರಣಗಳ ಕೆಲಸ ತಲೆಯ ಮೇಲಿರುವ ಹೊತ್ತು. ರಜೆಯ ವಿಷಯವನ್ನು ವೀಸಾಕ್ಕಿಂತ ಮೊದಲೇ ಮಾಲೀಕರ ಕಿವಿಗೆ ಹಾಕಿ, ಆ ವಾರಕ್ಕೆ ನಿಮ್ಮ ಬದಲಿಗೆ ಪುಟ ಕಟ್ಟುವವರು ಯಾರೆಂದು ಹೆಸರು ಸಮೇತ ಹೇಳಿ.